ನೊಸ್ಫೆರಾಟು ಮತ್ತು ನಮ್ಮ ಚಿಕ್ಕಜ್ಜಿ

ಸಂಕ್ರಾಂತಿ ರಜೆಗೆ ಊರಿಗೆ ಹೋದಾಗ ರಾಬರ್ಟ್ ಎಗರ್ಸ್‌ನ ‘ನೊಸ್ಫೆರಾಟು’ವನ್ನು ಮೂರನೇ ಸಲ ನೋಡುತ್ತಾ ಕೂತಿದ್ದೆ. ಸಂಶೋಧನೆ ಎಂದು ಹೇಳಿ ರಾತ್ರಿ ಹನ್ನೊಂದಕ್ಕೆ ದೆವ್ವದ ಸಿನಿಮಾ ನೋಡುವ ಸವಲತ್ತು ನನ್ನಂಥ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಮಾತ್ರ ಇರುತ್ತದೆ. ಪಕ್ಕದಲ್ಲಿ ಅಮ್ಮ ಬೆಳಗಿನ ಸಾರಿಗೆ ಅವರೆಕಾಳು ಹಿದುಕುತ್ತಿದ್ದಳು. ತೆರೆಯ ಮೇಲೆ ಎಲೆನ್ ಎಂಬ ಹುಡುಗಿ ಕಣ್ಣುಗುಡ್ಡೆ ಮೇಲೆ ಮಾಡಿ, ಮೈಯನ್ನು ಹಿಂದಕ್ಕೆ ಬಾಗಿಸಿ ನಡುಗತೊಡಗಿದಳು. ಅಮ್ಮನ ಕೈ ನಿಂತಿತು. “ನಮ್ಮ ಚಿಕ್ಕಮ್ಮನೂ ಹಿಂಗೇ ಬಿಲ್ಲಿನ ಥರ ಬಾಗ್ತಿದ್ಳು ಕಣೇ” ಅಂದಳು.

ಆ ಚಿಕ್ಕಮ್ಮ, ಅಂದರೆ ನನ್ನ ಚಿಕ್ಕಜ್ಜಿ, ನನಗೆ ಗೊತ್ತು. ಹುರಿಹಿಟ್ಟು ಮಾಡಿಕೊಂಡು ಬರುತ್ತಿದ್ದ, ಯಾರ ಮನೆಯ ಮದುವೆಯಾದರೂ ಒಲೆಯ ಮುಂದೆಯೇ ಕೂರುತ್ತಿದ್ದ, ಹೆಚ್ಚು ಮಾತಾಡದ ಮುದುಕಿ. ಅವಳ ಮೈಮೇಲೆ ಬರುತ್ತಿತ್ತು ಎನ್ನುವುದನ್ನು ಇಪ್ಪತ್ತೆಂಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿನಿಮಾ.

ಎಫ್. ಡಬ್ಲ್ಯೂ. ಮುರ್ನಾವ್ 1922ರಲ್ಲಿ ಮಾಡಿದ ಮೂಕಿ ‘ನೊಸ್ಫೆರಾಟು’ ಒಂದು ರೀತಿಯಲ್ಲಿ ಕದ್ದ ಮಾಲು. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಹಕ್ಕು ಪಡೆಯದೆ ಎತ್ತಿಕೊಂಡು, ಡ್ರಾಕುಲಾನನ್ನು ಆರ್ಲಾಕ್ ಮಾಡಿ, ಲಂಡನ್ನನ್ನು ಜರ್ಮನಿಯ ಊರಾಗಿಸಿದ್ದರು. ಸ್ಟೋಕರ್‌ನ ವಿಧವೆ ಫ್ಲಾರೆನ್ಸ್ ಕೋರ್ಟಿಗೆ ಹೋದಳು. ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಹಾಗಿದ್ದೂ ಕೆಲವು ಪ್ರತಿಗಳು ಉಳಿದುಕೊಂಡವು. ಸಾಯದ ಪ್ರೇತದ ಕಥೆಗೆ ಇದಕ್ಕಿಂತ ಒಳ್ಳೆಯ ಪ್ರಚಾರ ಬೇಕೆ? ಬೆಳಗಿನ ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂದು ನಾವೆಲ್ಲ ನಂಬಿದ್ದೇವಲ್ಲ, ಅದು ಕಾದಂಬರಿಯದ್ದಲ್ಲ, ಈ ಸಿನಿಮಾದ್ದು. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೂ ಲಂಡನ್ನಿನಲ್ಲಿ ಓಡಾಡುತ್ತಾನೆ. ಮುರ್ನಾವ್‌ನಲ್ಲಿ ಪಾಪವರಿಯದ ಹೆಂಗಸೊಬ್ಬಳು ತಾನಾಗಿ ರಕ್ತ ಕೊಟ್ಟು, ಕೋಳಿ ಕೂಗುವತನಕ ಅವನನ್ನು ತಡೆದಿಟ್ಟುಕೊಂಡರೆ ಊರು ಬದುಕುತ್ತದೆ. ಎಲೆನ್ ಹಾಗೆಯೇ ಮಾಡಿ ಸಾಯುತ್ತಾಳೆ.

ಈ ಸಾವನ್ನು ಏನು ಮಾಡುವುದು? ಮತ್ತೆ ಮಾಡಲು ಹೊರಟವರೆಲ್ಲ ಎದುರಿಸಬೇಕಾದದ್ದು ಇದನ್ನು ಎಂದು ನನಗೆ ಅನ್ನಿಸುತ್ತದೆ. ಭೂತದ ಮುಖಕ್ಕೆ ಯಾವ ಮೇಕಪ್ ಎನ್ನುವುದು ಚಿಕ್ಕ ವಿಷಯ. (ಎಗರ್ಸ್ ಆರ್ಲಾಕ್‌ಗೆ ದಪ್ಪ ಮೀಸೆ ಇಟ್ಟಿದ್ದಕ್ಕೆ ಎಷ್ಟೊಂದು ಜಗಳ ನಡೆಯಿತು!) ವರ್ನರ್ ಹರ್ಜಾಗ್ 1979ರಲ್ಲಿ ಇದೇ ಕಥೆ ಮಾಡಿದಾಗ ಆ ಬಲಿಯನ್ನು ವ್ಯರ್ಥ ಮಾಡಿಬಿಟ್ಟ. ಹೆಂಡತಿ ಸಾಯುತ್ತಾಳೆ, ಪಿಶಾಚಿಯೂ ಸಾಯುತ್ತದೆ, ಆದರೆ ಕೊನೆಗೆ ಗಂಡನೇ ಪಿಶಾಚಿಯಾಗಿ ಕುದುರೆ ಹತ್ತಿ ಹೊರಟುಹೋಗುತ್ತಾನೆ. ನಾಜಿಗಳ ಕಾಲದಿಂದಾಗಿ ತನ್ನ ತಲೆಮಾರಿನ ಜರ್ಮನ್ನರಿಗೆ ಸಿನಿಮಾದಲ್ಲಿ ಅಪ್ಪಂದಿರಿಲ್ಲ, ತಾತಂದಿರು ಮಾತ್ರ ಇದ್ದಾರೆ ಎಂಬರ್ಥದ ಮಾತನ್ನು ಹರ್ಜಾಗ್ ಹೇಳುತ್ತಿದ್ದ. ಅವನು ಮತ್ತೆ ಮಾಡಿದ್ದು ತಾತನ ಜೊತೆ ಮಾತಾಡುವುದಕ್ಕೆ.

ಹೈಸ್ಕೂಲಿನಲ್ಲೇ ಇದನ್ನು ನಾಟಕ ಮಾಡಿ ಆಡಿಸಿದ್ದ ಎಗರ್ಸ್, 2024ರ ತನ್ನ ಚಿತ್ರದಲ್ಲಿ ಬೇರೊಂದು ಬಾಗಿಲು ತೆರೆಯುತ್ತಾನೆ. ಮುರ್ನಾವ್‌ನ ಎಲೆನ್ ನಿದ್ದೆಯಲ್ಲಿ ನಡೆಯುತ್ತಾಳೆ, ದೂರದ ಗಂಡನನ್ನು ನೆನೆದು ಕೂಗುತ್ತಾಳೆ, ವೈದ್ಯ ಇದೇನೂ ದೊಡ್ಡದಲ್ಲ ಎಂದು ಹೋಗುತ್ತಾನೆ. ಹಳೆಯ ಚಿತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಎಳೆಯನ್ನೇ ಎಗರ್ಸ್ ಇಡೀ ಚಿತ್ರವನ್ನಾಗಿಸಿದ. ಇಲ್ಲಿ ಎಲೆನ್‌ಳೇ ಅವನನ್ನು ಕರೆದವಳು. ಬಾಲ್ಯದ ಒಂಟಿತನದಲ್ಲಿ, ಯಾರಾದರೂ ಸರಿ ಬನ್ನಿ ಎಂದು ಕತ್ತಲೆಗೆ ಮೊರೆಯಿಟ್ಟಿದ್ದಳು, ಕೇಳಿಸಿಕೊಂಡದ್ದು ಅದೊಂದೇ. ದೊಡ್ಡವಳಾದ ಮೇಲೆ ಊರಿನ ವೈದ್ಯ ಅವಳಿಗೆ ಈಥರ್ ಕೊಡುತ್ತಾನೆ, ರಾತ್ರಿಯೂ ಬಿಗಿಯಾದ ಕಾರ್ಸೆಟ್ ತೊಡಿಸಲು ಹೇಳುತ್ತಾನೆ. ಕಟ್ಟಿಹಾಕುತ್ತಾರೆ. ಅವಳು ಹೇಳುವುದನ್ನು ನಂಬುವವನು ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡ, ಅರೆಹುಚ್ಚನಂಥ ಮುದುಕ ಪ್ರೊಫೆಸರ್ ಒಬ್ಬ. ಲಿಲಿ-ರೋಸ್ ಡೆಪ್ ಈ ಪಾತ್ರಕ್ಕಾಗಿ ಜಪಾನಿನ ಬುಟೊ ನೃತ್ಯದ ತಾಲೀಮು ಮಾಡಿದ್ದಳಂತೆ. ಅಮ್ಮನಿಗೆ ಬುಟೊ ಗೊತ್ತಿಲ್ಲ, ಆದರೆ ಆ ಮೈ ಅವಳಿಗೆ ಗೊತ್ತಿತ್ತು.

ನಮ್ಮ ಕಡೆ ಹಳೆಯ ಭಯವನ್ನು ಆಧುನಿಕ ಮಾಡುವುದೆಂದರೆ ದೆವ್ವ ಬಿಡಿಸುವವನ ಜಾಗಕ್ಕೆ ಡಾಕ್ಟರನ್ನು ತರುವುದು ಎಂದು ನಾನು ಅಂದುಕೊಂಡಿದ್ದೆ. 1993ರ ಮಲಯಾಳಂ ‘ಮಣಿಚಿತ್ರತಾಳ್’ನಿಂದ ಬಂದ ನಮ್ಮ ‘ಆಪ್ತಮಿತ್ರ’ (2004) ಅದಕ್ಕೆ ಉದಾಹರಣೆ. ಅಲ್ಲಿ ನಾಗವಲ್ಲಿ ದೆವ್ವವಲ್ಲ, ಕಾಯಿಲೆ. ಆದರೂ ವಾಸಿಯಾಗಲು ಡಾಕ್ಟರೇ ಮುಂದೆ ನಿಂತು ದೆವ್ವಕ್ಕೆ ಬೇಕಾದ ಆಟ ಹೂಡಬೇಕು. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಎಗರ್ಸ್ ಇದನ್ನು ತಿರುಗಿಸುತ್ತಾನೆ. ಇಲ್ಲಿ ಕಾಯಿಲೆ ಎಂದವರೆಲ್ಲ ತಪ್ಪು, ದೆವ್ವ ಎಂದವಳೇ ಸರಿ.

ದೂರುಗಳೂ ಇವೆ. ಸದ್ದು ವಿಪರೀತ. ಪ್ರತಿ ಚೌಕಟ್ಟೂ ಗೋಡೆಗೆ ನೇತುಹಾಕಲು ಮಾಡಿದಂತಿದೆ. ಮುರ್ನಾವ್‌ನ ಮೆಟ್ಟಿಲ ಮೇಲಿನ ನೆರಳನ್ನು ಹಾಸ್ಟೆಲ್ಲಿನಲ್ಲಿ ಒಡೆದ ಮೊಬೈಲಿನಲ್ಲಿ, ಸದ್ದೇ ಇಲ್ಲದೆ ನೋಡಿಯೂ ನಾನು ಅಂದು ಲೈಟ್ ಹಾಕಿಕೊಂಡೇ ಮಲಗಿದ್ದೆ. ಅದಕ್ಕಿಂತ ದೊಡ್ಡ ತಕರಾರೆಂದರೆ, ಇಷ್ಟೆಲ್ಲ ಅವಳ ಮಾತು ಕೇಳಿಸಿಕೊಂಡ ಮೇಲೂ ಈ ಚಿತ್ರ ಅವಳನ್ನು ಸಾಯಿಸುತ್ತದೆ. ಊರು ಬದುಕುವುದು ಮತ್ತೆ ಅವಳ ಮೈಯಿಂದಲೇ. ನೂರು ವರ್ಷದ ಹಿಂದಿನ ಕೊನೆಯನ್ನು ಅವನು ಭಕ್ತಿಯಿಂದ ಉಳಿಸಿಕೊಂಡನೋ, ಬೇರೆ ತೋಚಲಿಲ್ಲವೋ? ಅಧ್ಯಾಯದ ಈ ಭಾಗವನ್ನು ನಾನು ನಾಲ್ಕು ಸಲ ಬರೆದು ಅಳಿಸಿದ್ದೇನೆ.

ಚಿಕ್ಕಜ್ಜಿಯನ್ನು ಹದಿನಾಲ್ಕಕ್ಕೆ ಮದುವೆ ಮಾಡಿಕೊಟ್ಟಿದ್ದರಂತೆ. ಎರಡು ವರ್ಷಕ್ಕೆ ಗಾಳಿ ಮೆಟ್ಟಿಕೊಂಡಿದೆ ಎಂದು ತವರಿಗೆ ಕರೆತಂದು ಬಿಟ್ಟರು. ಅಮಾವಾಸ್ಯೆ ಬಂದರೆ ನಡುಮನೆಯ ಕಂಬಕ್ಕೆ ಕಟ್ಟುತ್ತಿದ್ದರು, ಬೇವಿನ ಸೊಪ್ಪಿನಲ್ಲಿ ಹೊಡೆಸುತ್ತಿದ್ದರು. ಮೈಮೇಲೆ ಬಂದಾಗ ಮಾತ್ರ ಅವಳು ಮಾವನನ್ನು ಹೆಸರು ಹಿಡಿದು, ಏಕವಚನದಲ್ಲಿ ಬೈಯುತ್ತಿದ್ದಳು. ಏನೆಂದು ಬೈಯುತ್ತಿದ್ದಳು ಎಂದು ಕೇಳಿದೆ. “ಮಕ್ಕಳನ್ನ ಹೊರಗೆ ಕಳಿಸ್ಬಿಡೋರು” ಅಂದಳು ಅಮ್ಮ. ಒಂದು ವರ್ಷ ತಾನಾಗಿಯೇ ಸುಮ್ಮನಾದಳು. ವಾಸಿಯಾಯಿತು ಎಂದರು. ಆಮೇಲೆ ಐವತ್ತು ವರ್ಷ ಒಲೆಯ ಮುಂದೆ.

ಸಿನಿಮಾ ಮುಗಿಯುವ ಮೊದಲೇ ಅಮ್ಮ ಎದ್ದು ಹೋಗಿ ಮಲಗಿದ್ದಳು. ಬೆಳಿಗ್ಗೆ ಕೊನೆ ಏನಾಯಿತು ಎಂದು ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತು ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಾ ನಿಂತಳು.

“ಅವ್ಳೇ ಕರೆದಿದ್ಳು ಅಂದ್ಯಲ್ಲ ರಾತ್ರಿ. ನಮ್ಮ ಚಿಕ್ಕಮ್ಮ ಯಾರನ್ನ ಕರೆದಿದ್ಳೋ ಪಾಪ. ಯಾರೂ ಬರ್ಲಿಲ್ಲ ಬಿಡು.”

ಆಮೇಲೆ ತಟ್ಟೆ ತಗೊಂಡು ಬಾ ಅಂದಳು.