ರೋಗಿಯ ಕೈಯ ಬೀಡಿ



ಗಂಟಲಿನಲ್ಲಿಯೋ ಶ್ವಾಸಕೋಶದಲ್ಲಿಯೋ ಅರ್ಬುದ ರೋಗ ಕಾಣಿಸಿಕೊಂಡ ಭಕ್ತರನ್ನು ಮನೆಯವರು ಮಠಕ್ಕೆ ಕರೆತರುವುದುಂಟು. ಮಡದಿಯೋ ಮಗನೋ ಮುಂದೆ ಬಂದು, "ಬುದ್ಧೀ, ಇನ್ನು ಬೀಡಿ ಮುಟ್ಟುವುದಿಲ್ಲವೆಂದು ಇವರಿಂದ ಆಣೆ ಮಾಡಿಸಿರಿ" ಎಂದು ಬೇಡಿಕೊಳ್ಳುತ್ತಾರೆ. ಹೊರಗಿನ ಜಗಲಿಯಲ್ಲಿ ಕುಳಿತ ನೆಂಟರ ಮಾತು ಬೇರೆ: "ಬರುವುದು ಬಂದಾಯಿತು. ಇನ್ನು ಬಿಟ್ಟು ಆಗುವುದೇನು? ಇರುವಷ್ಟು ದಿನ ಸೇದಲಿ."

ನೆಂಟರ ಮಾತು ಕನಿಕರದ್ದಾದರೂ ಸತ್ಯವಲ್ಲ. ರೋಗ ತಿಳಿದ ಮೇಲೂ ಸೇದುವವರಿಗೆ ಸಾವಿನ ಅಪಾಯವೂ ಮತ್ತೊಂದು ಅರ್ಬುದ ಹುಟ್ಟುವ ಸಂಭವವೂ ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ ಅವರ 2014ರ ವರದಿ ನಿರ್ಣಯಿಸಿದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ನಮ್ಮ ಜನ 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯಾದರೋ ಆಮ್ಲಜನಕವಿದ್ದೆಡೆಯಲ್ಲಿಯೇ ಚೆನ್ನಾಗಿ ಫಲಿಸುವಂಥದು. ಶಸ್ತ್ರಚಿಕಿತ್ಸೆಯ ಗಾಯವೂ ಸೇದುವವರಲ್ಲಿ ತಡವಾಗಿ ಮಾಯುತ್ತದೆ.

ಇನ್ನು ಆಣೆಯ ಮಾತು. ನಾವು ವಿಭೂತಿ ಕೊಡುತ್ತೇವೆ, ಆಣೆ ಮಾಡಿಸುವುದಿಲ್ಲ. ನಿಕೋಟಿನ್ನಿನ ಹಿಡಿತ ಮನಸ್ಸಿನದಷ್ಟೇ ಅಲ್ಲ, ದೇಹದ್ದು. ಬಿಟ್ಟ ಮೊದಲ ಕೆಲವು ದಿನಗಳಲ್ಲಿ ಚಡಪಡಿಕೆ, ಸಿಡುಕು, ನಿದ್ರಾಭಂಗಗಳು ತೀವ್ರವಾಗಿರುತ್ತವೆ. ಅನಂತರ ವಾರಗಳು ಕಳೆದಂತೆ ಇಳಿಯುತ್ತವೆ. ಆ ದಿನಗಳಲ್ಲಿ ಆಣೆ ಮುರಿದವನು ಹಿತ್ತಲಲ್ಲಿ ಕದ್ದು ಸೇದುತ್ತಾನೆ, ವೈದ್ಯರ ಮುಂದೆಯೂ ಸುಳ್ಳಾಡುತ್ತಾನೆ. ಮದುವೆಯ ಚಪ್ಪರದಲ್ಲಿ ಎಲೆಯಡಿಕೆಯ ಜೊತೆಗೆ ಬೀಡಿ, ಸಿಗರೇಟುಗಳನ್ನೂ ತಟ್ಟೆಯಲ್ಲಿಟ್ಟು ಬೀಗರನ್ನು ಉಪಚರಿಸಿದ ಸಮಾಜ ನಮ್ಮದೇ ಅಲ್ಲವೇ? ಈಗ ಅವನೊಬ್ಬನನ್ನೇ ದೂರುವುದು ಯಾವ ನ್ಯಾಯ?

ಆದುದರಿಂದ ಇಂಥವರನ್ನು ನಾವು ತಂಬಾಕು ಬಿಡಿಸುವ ಚಿಕಿತ್ಸಾಲಯಕ್ಕೆ ಕಳುಹಿಸುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಸೇವೆ 2002ರಲ್ಲಿಯೇ ಆರಂಭವಾಯಿತು. ಅಲ್ಲಿ ಬೈಗುಳವಿಲ್ಲ. ದಿನಕ್ಕೆಷ್ಟು ಬೀಡಿ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಎಂದು ವಿಚಾರಿಸಿ ಚಟದ ಆಳವನ್ನು ಅರಿಯುತ್ತಾರೆ. ನಿಕೋಟಿನ್ ಗಮ್ಮನ್ನು ಕೊಟ್ಟರೆ ಅದನ್ನು ಎಲೆಯಡಿಕೆಯಂತೆ ಒಂದೇ ಸಮನೆ ಜಗಿಯಬಾರದು. ತುಸು ಜಗಿದು, ನಾಲಗೆ ಚುರುಗುಟ್ಟಿದೊಡನೆ ಕೆನ್ನೆಯ ಒಳಬದಿಯಲ್ಲಿರಿಸಿ, ಆ ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ವಿಕಿರಣದಿಂದ ಬಾಯಿ ಹುಣ್ಣಾದವರಿಗೆ ಗಮ್ ಕಷ್ಟ. ಅಂಥವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯುಂಟು. ಮಾತ್ರೆಗಳೂ ಇವೆ. ಇವೆಲ್ಲವೂ ವೈದ್ಯರ ಆಲೋಚನೆಯಂತೆಯೇ ಆಗಬೇಕು. ಮಧ್ಯದಲ್ಲಿ ಒಮ್ಮೆ ಸೇದಿಬಿಟ್ಟರೆ ಅದನ್ನು ಪಾಪವೆಂದೆಣಿಸದೆ, ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ ಎಂದು ಕೇಳಿ ಮುಂದಿನ ದಾರಿಯನ್ನು ಹೇಳುತ್ತಾರೆ.

ಬೆಂಗಳೂರು ದೂರವಾದವರು 1800-11-2356 ಎಂಬ ಉಚಿತ ದೂರವಾಣಿಗೆ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ. ರೋಗಿ ತಾನಾಗಿಯೇ ಕರೆಮಾಡಲು ಸಂಕೋಚಪಟ್ಟರೆ ಮಗನೇ ಸಂಖ್ಯೆಯನ್ನೊತ್ತಿ ಅವರ ಕೈಗೆ ಕೊಡಲಿ. ಆ ಮಗನ ಜೇಬಿನಲ್ಲಿಯೂ ಪೊಟ್ಟಣವೊಂದಿದ್ದರೆ ತಂದೆಯ ಬಳಿಕ ತಾನೂ ಮಾತನಾಡಲಿ.