ಕೂರೋ ಜಾಗ

ನಮ್ಮ ಕೇರಿಯ ಗೋಡೆಗಳ ಮೇಲೆ ಸಮಾಧಾನದ ವಾಕ್ಯಗಳೇ ತೂಗ್ತವೆ. ಯಾಕೋಬನ ಪತ್ರಿಕೆಯ 2ನೇ ಅಧ್ಯಾಯವನ್ನ ಯಾವ ಕ್ಯಾಲೆಂಡರಿನಲ್ಲೂ ನಾನು ಕಂಡಿಲ್ಲ. ಸಭೆಗೆ ಬಂದ ಚಿನ್ನದುಂಗುರದವನಿಗೆ ಒಳ್ಳೇ ಜಾಗ, ಕೊಳಕು ಬಟ್ಟೆಯ ಬಡವನಿಗೆ ಕಾಲಬುಡ. ಇದು ಪಾಪ ಅಂತಾನೆ ಯಾಕೋಬ. ಓದು ಬಾರದ ಅವ್ವನಿಗೆ ಓದಿ ಹೇಳಿದೆ. 'ಇದು ನಮ್ಮ ಕತೇನೇ ಅಲ್ವೇನ್ಲಾ' ಅಂದಳು.

ಗೆಳೆಯರೇ, 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರನ್ನ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು. ನಮಗಿನ್ನೂ ತೆರೆದಿಲ್ಲ. ಕ್ರೈಸ್ತರಲ್ಲಿ ಅಸ್ಪೃಶ್ಯತೆ ಇಲ್ಲ ಅನ್ನೋದು ಸರ್ಕಾರದ ವಾದ. ಬಂದು ನಮ್ಮ ಚರ್ಚಿನ ಹಿಂದಿನ ಸಾಲು ನೋಡಲಿ, ಹೆಣ ಹೂಳೋ ಜಾಗ ನೋಡಲಿ.

ದಿಲ್ಲಿಗೆ ಅರ್ಜಿ ಹೋಗ್ತಾನೇ ಇರಲಿ, ಬಿಡಬಾರದು. ಆದ್ರೆ ಮೊದಲ ಬೆಂಚು ನಮ್ಮೂರಲ್ಲೇ ಇದೆ. ಹೋಗಿ ಕೂರೋಕೆ ಯಾರ ಆದೇಶವೂ ಬೇಡ.