ಅಂಗಳದ ಮೇಲ್ವಿಚಾರಕ

ಮನೆಗೆ ಬಂದ ಅತಿಥಿಯನ್ನು ಜಗಲಿಯ ಮೇಲೆ ಕುಳ್ಳಿರಿಸಿ ಎರಡು ತಾಸು ಮರೆತುಬಿಡುವ ಗೃಹಸ್ಥನನ್ನು ಯಾರೂ ಸಜ್ಜನನೆನ್ನಲಾರರು. ಎರಡು ತಾಸಲ್ಲ, ಎರಡು ದಿನ ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಅದನ್ನೇ ವ್ಯಾಪಾರವೆಂದು ತಿಳಿದಿದ್ದವರಲ್ಲಿ ನಾವೂ ಒಬ್ಬರು. ಈ ತಪ್ಪನ್ನು ನಮಗೆ ತೋರಿಸಿಕೊಟ್ಟವರು ನಮ್ಮಲ್ಲಿ ಕೆಲಸ ಕೇಳಿಕೊಂಡು ಬಂದ ಒಬ್ಬ ಹಿರಿಯರು. ಆ ವೃತ್ತಾಂತವನ್ನು ವಾಚಕರ ಮುಂದೆ ಇಡುವುದು ಅನುಚಿತವಾಗಲಾರದೆಂದು ಭಾವಿಸಿದ್ದೇವೆ.

ಬೆಂಗಳೂರಿನಿಂದ ಪುಣೆಯ ಕಡೆಗೂ ಮಂಗಳೂರಿನ ಕಡೆಗೂ ಹೋಗುವ ಹೆದ್ದಾರಿಗಳು ಒಂದನ್ನೊಂದು ಅಗಲುವ ನೆಲಮಂಗಲದ ಸುತ್ತಮುತ್ತ ಗೋದಾಮುಗಳು ಅನೇಕವಾಗಿವೆ. ನಮ್ಮದೂ ಅವುಗಳಲ್ಲೊಂದು. ಅಕ್ಕಿ, ಬೇಳೆ, ಎಣ್ಣೆ, ಸಾಬೂನು ಮುಂತಾಗಿ ವಾಚಕರ ಮನೆಯನ್ನು ಸೇರತಕ್ಕ ಪದಾರ್ಥಗಳೇ ಇಲ್ಲಿ ಇಳಿದು ಏರುತ್ತವೆ. ಗೋದಾಮಿಗೆ ಬಾಗಿಲು 4. ದಿನಕ್ಕೆ ಬರುವ ಲಾರಿಗಳು 30ಕ್ಕೆ ಕಡಿಮೆಯಿಲ್ಲ. ಯಾವ ಲಾರಿ ಯಾವ ಬಾಗಿಲಿಗೆ ಹೋಗಬೇಕು, ಯಾವುದು ಕಾಯಬೇಕು, ಹಮಾಲರು ಎಲ್ಲಿ ಕೈಹಚ್ಚಬೇಕು, ತೂಕವೂ ಕಾಗದಪತ್ರಗಳೂ ಸರಿಯಾಗಿವೆಯೇ ಎಂಬುದನ್ನೆಲ್ಲ ನೋಡತಕ್ಕವನೇ ಅಂಗಳದ ಮೇಲ್ವಿಚಾರಕ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಜಾರಿಗೆ ಬಂದು ರಾಜ್ಯಗಳ ಗಡಿಯ ತೆರಿಗೆ ಚೌಕಿಗಳು ಎದ್ದುಹೋದ ಮೇಲೆ ಲಾರಿಗಳು ದಾರಿಯಲ್ಲಿ ನಿಲ್ಲುವುದು ಬಹುಮಟ್ಟಿಗೆ ತಪ್ಪಿತು. ನಮ್ಮಂಥವರ ಅಂಗಳದಲ್ಲಿ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಈ ಕೆಲಸಕ್ಕೆ ನಾವು ಮೊದಲು ನೇಮಿಸಿದ್ದು ಒಬ್ಬ ತರುಣನನ್ನು. ಅವನಲ್ಲಿ ನಾವು ಕಂಡ ಯೋಗ್ಯತೆಗಳು ಎರಡು: ಧ್ವನಿ ದೊಡ್ಡದು, ಕೇಳಿದ ಸಂಬಳ ಚಿಕ್ಕದು. ಗದ್ದಲವನ್ನು ಗದ್ದಲದಿಂದಲೇ ಅಡಗಿಸಬೇಕೆಂಬುದು ನಮ್ಮ ಅಂದಿನ ಸಿದ್ಧಾಂತ. ಅವನಿಗೆ ಕೆಲಸವನ್ನು ಯಾರೂ ಕಲಿಸಲಿಲ್ಲ, ಕಲಿಸಬೇಕಾಗಿದ್ದವರು ನಾವು. ಆರು ತಿಂಗಳು ತುಂಬುವ ಮೊದಲೇ ಒಂದು ಮುಂಜಾನೆ, ಎರಡು ರಾತ್ರಿ ಕಾದು ಕಣ್ಣು ಕೆಂಪಾಗಿದ್ದ ಚಾಲಕನೊಬ್ಬನು, ತನ್ನ ಸರದಿ ಬಂದಿತೆಂಬ ಕೂಗು ಕೇಳಿದೊಡನೆ ಅವಸರದಿಂದ ಲಾರಿಯನ್ನು ಹಿಂದಕ್ಕೆ ಬಿಟ್ಟನು. ಹಿಂದೆ ನಿಂತು ಸನ್ನೆ ಮಾಡುತ್ತಿದ್ದ 19 ವರ್ಷದ ಕ್ಲೀನರನ ಕಾಲು ಲಾರಿಗೂ ಕಟ್ಟೆಗೂ ನಡುವೆ ಸಿಕ್ಕಿತು. ಪ್ರಾಣ ಉಳಿಯಿತು, ಪಾದ ಉಳಿಯಲಿಲ್ಲ. ವಿಮೆಯ ಹಣ ಬಂದಿತು. ನಾವೂ ಅಷ್ಟಿಷ್ಟು ಸೇರಿಸಿದೆವು. ತಪ್ಪು ಚಾಲಕನದೆಂದು ಕಾಗದದಲ್ಲಿ ಬರೆಯಲಾಯಿತು. ಅದಕ್ಕೆ ನಾವೂ ಸಹಿ ಹಾಕಿದೆವು.

ತರುಣನು ಕೆಲಸ ಬಿಟ್ಟುಹೋದನು. ಆ ಸ್ಥಾನಕ್ಕೆಂದು ಮೂವರು ಬಂದರು. ಇಬ್ಬರ ಕೈಯಲ್ಲಿ ಪ್ರಶಸ್ತಿಪತ್ರಗಳಿದ್ದವು. ಮೂರನೆಯವರು ಐವತ್ತು ದಾಟಿದವರು. 22 ವರ್ಷ ಲಾರಿ ಓಡಿಸಿ, ಬೆನ್ನುನೋವಿನಿಂದ ಬಿಟ್ಟವರು. “ನೀವು ಕೇಳತಕ್ಕದ್ದೇನಾದರೂ ಉಂಟೋ?” ಎಂದು ಎಲ್ಲರನ್ನೂ ಕೇಳಿದೆವು. ಮೊದಲಿಬ್ಬರು ರಜೆಯ ವಿಷಯ ಕೇಳಿದರು, ಅದು ನ್ಯಾಯವೇ. ಮೂರನೆಯವರು, “ಯಜಮಾನರೇ, ಇಲ್ಲಿ ಡ್ರೈವರುಗಳು ಸ್ನಾನ ಎಲ್ಲಿ ಮಾಡುತ್ತಾರೆ?” ಎಂದರು.

ಎಂಟು ವರ್ಷಗಳಿಂದ ಗೋದಾಮು ನಡೆಸುತ್ತಿದ್ದ ನಮಗೆ ಉತ್ತರ ತಿಳಿದಿರಲಿಲ್ಲ. ನಮ್ಮ ಮೌನವನ್ನು ಕಂಡು ಅವರು, “ನಿದ್ದೆಗೆಟ್ಟವನಿಗೆ ಎಷ್ಟು ಕೂಗಿದರೂ ಕೇಳಿಸುವುದಿಲ್ಲ, ಸ್ವಾಮಿ. ನಾನೂ ಹಾಗೆ ಓಡಿಸಿದವನೇ,” ಎಂದರು. ಅವರು ಕೇಳಿದ ಸಂಬಳ ಮೊದಲಿನವನದಕ್ಕಿಂತ ಒಂದೂವರೆಪಟ್ಟು. ಒಪ್ಪಿಕೊಂಡೆವು.

ಅವರು ಮಾಡಿದ್ದರಲ್ಲಿ ಪವಾಡವೇನೂ ಇಲ್ಲ. ಗೇಟಿನಲ್ಲಿಯೇ ಚೀಟಿ ಕೊಟ್ಟು, ಸರದಿಯ ವೇಳೆಯನ್ನು ತಿಳಿಸಿ, ಅಲ್ಲಿಯವರೆಗೆ ಮಲಗಿರೆಂದು ಹೇಳಿದರು. ಎರಡು ಬಚ್ಚಲುಗಳನ್ನೂ ಒಂದು ನೆರಳಿನ ಚಪ್ಪರವನ್ನೂ ನಮ್ಮಿಂದ ಕಟ್ಟಿಸಿದರು. ಸನ್ನೆ ಮಾಡುವವನು ಚಾಲಕನ ಕನ್ನಡಿಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲಬೇಕೇ ಹೊರತು ಹಿಂದೆ ನಿಲ್ಲಕೂಡದೆಂದು ಕಟ್ಟು ಮಾಡಿದರು. ಸರಕು ಏರುವಾಗ ಚಕ್ರಕ್ಕೆ ಮರದ ತುಂಡು ಅಡ್ಡವಿಟ್ಟು, ಲಾರಿಯ ಬೀಗದ ಕೈಯನ್ನು ತಮ್ಮ ಬಳಿ ಇಟ್ಟುಕೊಂಡರು. ಮತ್ತೊಂದು ಸೂಕ್ಷ್ಮವನ್ನೂ ಕಂಡರು. ಇ-ವೇ ಬಿಲ್ಲಿನಲ್ಲಿ ಲಾರಿಯ ಸಂಖ್ಯೆಯನ್ನು ತುಂಬಿದೊಡನೆ ಅದರ ಅವಧಿ ಓಡತೊಡಗುತ್ತದೆ. 2021ರ ಜನವರಿಯಿಂದ ಸಾಮಾನ್ಯ ಸರಕಿಗೆ ಇರುವ ಲೆಕ್ಕ 200 ಕಿಲೋಮೀಟರಿಗೆ ಒಂದು ದಿನ. ನಮ್ಮ ಗುಮಾಸ್ತರು ಅನುಕೂಲಕ್ಕಾಗಿ ಮುಂಚಿತವಾಗಿಯೇ ತುಂಬಿಡುತ್ತಿದ್ದರು. ಕಾಯಿಸಿದವರು ನಾವು, ಕಳೆದ ಹೊತ್ತನ್ನು ರಸ್ತೆಯಲ್ಲಿ ಓಡಿ ತುಂಬಬೇಕಾದವನು ಚಾಲಕ! ಈಗ ಸರಕು ಏರಿದ ಮೇಲೆಯೇ ಸಂಖ್ಯೆ ಬರೆಯುತ್ತಾರೆ.

ಇಂದು ಬಹುಪಾಲು ಲಾರಿಗಳು ಬಂದ ದಿನವೇ ಹೊರಡುತ್ತವೆ. ದೀಪಾವಳಿಯ ಮುಂಚಿನ ವಾರ ಮಾತ್ರ ಸಾಲು ಬೆಳೆಯುತ್ತದೆ, ಆಗಲೂ ಕೂಗಾಟವಿಲ್ಲ.

ಪಾದ ಕಳೆದುಕೊಂಡವನಿಗೆ, ಗೇಟಿನಲ್ಲಿ ಕುಳಿತು ಬರೆಯುವ ಕೆಲಸ ಕೊಡುವೆವೆಂದು ಹೇಳಿಕಳುಹಿಸಿದೆವು. ಅವನು ಬರಲಿಲ್ಲ. ಬರಬೇಕೆಂದು ಒತ್ತಾಯಿಸುವ ಅಧಿಕಾರ ನಮಗೆಲ್ಲಿಯದು?

ಮನೆಗೆ ಅಡಿಗೆಯವರನ್ನೋ ಕಾವಲಿನವರನ್ನೋ ಗೊತ್ತುಮಾಡುವ ಪ್ರಸಂಗ ವಾಚಕರಿಗೂ ಬರುವುದಷ್ಟೆ. ಆಗ ಅವರು ನಮ್ಮ ಪ್ರಶ್ನೆಗೆ ಏನು ಉತ್ತರ ಕೊಡುವರೆಂಬುದರ ಜೊತೆಗೆ, ಅವರು ನಮ್ಮನ್ನು ಏನು ಕೇಳುವರೆಂಬುದಕ್ಕೂ ಸ್ವಲ್ಪ ಕಿವಿಗೊಡುವುದು ಒಳ್ಳೆಯದು. ನಾವು ಮೊದಲ ಸಲವೇ ಹಾಗೆ ಮಾಡಿದ್ದರೆ ಆ ಕ್ಲೀನರನು ಇಂದು ಎರಡು ಕಾಲಿನ ಮೇಲೆ ನಡೆಯುತ್ತಿದ್ದನೇನೋ.